ನಾಯಿ ಹಿಂಗಾಲು ಕುಂಟಿದಾಗ: ಮೊಣಕಾಲಿನ ಲಿಗಮೆಂಟ್ ದೋಷ ಪತ್ತೆಹಚ್ಚುವ ಮತ್ತು ಚಿಕಿತ್ಸೆ ಆರಿಸುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಸಾಕಿದ ನಾಯಿಯೊಂದು ಹಿಂಗಾಲೆತ್ತಿ ಕುಂಟತೊಡಗಿದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು ‘ಕಾಲು ಉಳುಕಿದೆ’ ಎಂಬುದು, ಅದಕ್ಕೆ ಮೊದಲು ಸಿಗುವ ಚಿಕಿತ್ಸೆ ಒಂದು ನೋವಿನ ಇಂಜೆಕ್ಷನ್. ಇಂಜೆಕ್ಷನ್ ಬಿದ್ದ ಮೇಲೆ ನಾಯಿ ಎರಡು ದಿನ ನಾಲ್ಕೂ ಕಾಲೂರಿ ಓಡಾಡುತ್ತದೆ, ಔಷಧದ ಬಲ ಇಳಿದೊಡನೆ ಮತ್ತೆ ಕಾಲೆತ್ತುತ್ತದೆ, ಮತ್ತೊಂದು ಇಂಜೆಕ್ಷನ್ ಬೀಳುತ್ತದೆ. ಹೀಗೆ ವಾರಗಳು ಉರುಳುವಷ್ಟರಲ್ಲಿ, ನೋವು ತಿಳಿಯದೆ ಓಡಿದ ನಾಯಿ ಹರಿದ ಲಿಗಮೆಂಟಿನ (ಎಲುಬಿಗೆ ಎಲುಬನ್ನು ಬಿಗಿಯುವ ಪಟ್ಟಿಯ) ಜೊತೆಗೆ ಮೊಣಕಾಲಿನೊಳಗೆ ಎಲುಬುಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸನ್ನೂ ಹಾಳುಮಾಡಿಕೊಂಡಿರುತ್ತದೆ. ಉಳುಕು ಎಂಬುದು ಇಲ್ಲವೇ ಇಲ್ಲವೆಂದಲ್ಲ. ಆದರೆ ನಿಜವಾದ ಉಳುಕು ಹತ್ತು ದಿನಗಳ ವಿಶ್ರಾಂತಿಗೆ ಬಹುಮಟ್ಟಿಗೆ ಇಳಿಯುತ್ತದೆ. ಎರಡು ವಾರ ಮೀರಿದ ಹಿಂಗಾಲಿನ ಕುಂಟನ್ನು, ಅದರಲ್ಲಿಯೂ ನಡುವಯಸ್ಸಿನ ಭಾರದ ನಾಯಿಯಲ್ಲಿ, ಬೇರೆ ಕಾರಣ ಸಿಗುವವರೆಗೆ ಮೊಣಕಾಲಿನ ಲಿಗಮೆಂಟಿನ ದೋಷವೆಂದೇ ಭಾವಿಸಿ ಪರೀಕ್ಷಿಸುವುದು ಕ್ಷೇಮ. ಮುಂದಿನ ಕ್ರಮ ನಾಯಿ ಸಾಕಿದವರಿಗೂ, ಸಣ್ಣ ಊರುಗಳಲ್ಲಿ ಹೊಸದಾಗಿ ವೃತ್ತಿ ಆರಂಭಿಸಿರುವ ಪಶುವೈದ್ಯರಿಗೂ ಉಪಯೋಗವಾಗುವಂತೆ ಬರೆದದ್ದು.

ಕೆಡುವುದು ಏನು

ನಾಯಿಯ ಮೊಣಕಾಲಿನಲ್ಲಿ ತೊಡೆಯೆಲುಬು ಕಣಕಾಲೆಲುಬಿನ ತಲೆಯ ಮೇಲೆ ಕೂರುತ್ತದೆ. ಆ ತಲೆ ಸಮತಟ್ಟಾಗಿಲ್ಲ. ಹಿಂದಕ್ಕೆ ಸರಾಸರಿ 25 ಡಿಗ್ರಿಯಷ್ಟು ಇಳಿಜಾರಾಗಿದೆ. ಆದ್ದರಿಂದ ನಾಯಿ ಪ್ರತಿ ಹೆಜ್ಜೆಯಲ್ಲಿ ಭಾರ ಊರಿದಾಗಲೂ ತೊಡೆಯೆಲುಬು ಹಿಂದಕ್ಕೆ ಜಾರಲು, ಕಣಕಾಲೆಲುಬು ಮುಂದಕ್ಕೆ ನುಗ್ಗಲು ನೋಡುತ್ತದೆ. ಇಳಿಜಾರಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಬಂಡಿಯಂತಿರುವ ಈ ಸಂಧಿಯಲ್ಲಿ ಹಗ್ಗದ ಕೆಲಸ ಮಾಡುವುದು ಮುಂಭಾಗದ ಕ್ರೂಸಿಯೇಟ್ ಲಿಗಮೆಂಟ್. ಕಣಕಾಲು ಮುಂದಕ್ಕೆ ಸರಿಯದಂತೆ, ಒಳಮುಖವಾಗಿ ತಿರುಚದಂತೆ, ಮೊಣಕಾಲು ಅತಿಯಾಗಿ ಚಾಚದಂತೆ ತಡೆಯುವುದೆಲ್ಲ ಇದೇ.

ಮನುಷ್ಯರಲ್ಲಿ, ಮುಖ್ಯವಾಗಿ ಆಟಗಾರರಲ್ಲಿ, ಈ ಲಿಗಮೆಂಟ್ ಒಂದು ತಿರುಚಿಗೆ ಫಟ್ಟನೆ ಹರಿಯುತ್ತದೆ. ನಾಯಿಯಲ್ಲಿ ಅದು ಬಹುತೇಕ ತಿಂಗಳುಗಟ್ಟಲೆ ಎಳೆಎಳೆಯಾಗಿ ಸವೆದು, ಕೊನೆಗೆ ಮೆಟ್ಟಿಲಿನಿಂದ ಇಳಿಯುವಂಥ ಅಲ್ಪ ನೆವಕ್ಕೆ ಪೂರ್ತಿ ಹರಿಯುತ್ತದೆ. ‘ಏನೂ ಆಗಿಲ್ಲ, ಗೇಟಿನ ತನಕ ಓಡಿತು ಅಷ್ಟೆ’ ಎಂದು ಮನೆಯವರು ಹೇಳುವುದು ಸುಳ್ಳಲ್ಲ. ಆ ಓಟ ಕಾರಣವಲ್ಲ, ಕೊನೆಯ ಎಳೆ ಹರಿದ ಗಳಿಗೆ ಮಾತ್ರ. ಲ್ಯಾಬ್ರಡಾರ್, ರಾಟ್‌ವೀಲರ್‌ಗಳಲ್ಲಿ ಇದು ಹೆಚ್ಚು. ಬೊಜ್ಜು ಅಪಾಯವನ್ನು ಹೆಚ್ಚಿಸುತ್ತದೆ. ಗ್ರೇಹೌಂಡ್‌ಗಳಲ್ಲಿ ಈ ದೋಷ ಅಪರೂಪ. ನಮ್ಮ ಹೊಲಗಳಲ್ಲಿ ಕಾಣುವ ಮುಧೋಳ ನಾಯಿಯೂ ಅದೇ ಮೈಕಟ್ಟಿನದಾದ್ದರಿಂದ ಅದು ಕುಂಟಿದರೆ ನಾನು ಮೊದಲು ಬೆರಳು, ಉಗುರು, ತೊಡೆಯ ಸ್ನಾಯುಗಳನ್ನು ನೋಡಿ ಆಮೇಲೆ ಮೊಣಕಾಲಿಗೆ ಬರುತ್ತೇನೆ. ಲ್ಯಾಬ್ರಡಾರ್ ಬಂದರೆ ಅನುಮಾನದ ದಿಕ್ಕು ತಲೆಕೆಳಗಾಗುತ್ತದೆ.

ಒಂದು ಮಾತು ನೆನಪಿರಲಿ: ಒಂದು ಮೊಣಕಾಲಿನ ಲಿಗಮೆಂಟ್ ಹರಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದಿನ ಒಂದೆರಡು ವರ್ಷಗಳಲ್ಲಿ ಎರಡನೆಯದೂ ಹರಿಯುತ್ತದೆ. ಚಿಕಿತ್ಸೆಯ ಆಯ್ಕೆಯಲ್ಲಿ ಈ ಸಂಗತಿಗೆ ದೊಡ್ಡ ಪಾತ್ರವಿದೆ.

ಮುಟ್ಟುವ ಮೊದಲು ನೋಡುವುದು

ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ನಿಂತ ನಾಯಿ ಕುಂಟುವುದನ್ನೇ ಮರೆಯುತ್ತದೆ. ಆದ್ದರಿಂದ ಮನೆಯಲ್ಲಿಯೇ, ಬೆಳಿಗ್ಗೆ ಎದ್ದೊಡನೆ, ನಾಯಿ ದೂರ ಹೋಗುವುದನ್ನು, ಹತ್ತಿರ ಬರುವುದನ್ನು, ಪಕ್ಕದಿಂದ ಹಾಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬಂದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಚಿತ್ರೀಕರಿಸುವಾಗ ನೆಲ ಒರಟಾಗಿರಬೇಕು. ನಮ್ಮ ಭಾಗದ ಮನೆಗಳಲ್ಲಿ ಹಾಸಿರುವ ಶಹಾಬಾದಿ ಪರಸಿ, ಪಾಲಿಶ್ ಆದ ಮೇಲಂತೂ, ಸರಿಯಿರುವ ನಾಯಿಯ ಕಾಲನ್ನೂ ಜಾರಿಸುತ್ತದೆ. ಅದರ ಮೇಲಿನ ನಡಿಗೆ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ.

ಲಿಗಮೆಂಟ್ ಪೂರ್ತಿ ಹರಿದ ನಾಯಿ ಮೊದಲ ದಿನಗಳಲ್ಲಿ ಕಾಲನ್ನು ಮಡಚಿ ಎತ್ತಿಕೊಂಡಿರುತ್ತದೆ, ಅಥವಾ ಬೆರಳ ತುದಿಯನ್ನು ಮಾತ್ರ ನೆಲಕ್ಕೆ ತಾಗಿಸುತ್ತದೆ. ಎರಡು ಮೂರು ವಾರಗಳಲ್ಲಿ ತಾನಾಗಿಯೇ ಸ್ವಲ್ಪ ಊರತೊಡಗುತ್ತದೆ, ಆಗ ಮನೆಯವರು ಗುಣವಾಯಿತೆಂದುಕೊಳ್ಳುತ್ತಾರೆ. ಅರೆ ಹರಿದ ಲಿಗಮೆಂಟಿನ ಲಕ್ಷಣ ಇನ್ನೂ ಮೋಸದ್ದು: ಮಲಗಿ ಎದ್ದಾಗ ಬಿಗಿತ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲ, ಜೋರಾಗಿ ಆಡಿದ ಸಂಜೆ ಮತ್ತೆ ಕುಂಟು. ಇದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕುವುದೇ ಹೆಚ್ಚು.

ಕುಳಿತುಕೊಳ್ಳುವ ಭಂಗಿ ಒಳ್ಳೆಯ ಸುಳಿವು. ಆರೋಗ್ಯವಾದ ಮೊಣಕಾಲಿನ ನಾಯಿ ಹಿಂಗಾಲುಗಳನ್ನು ಪೂರ್ತಿ ಮಡಚಿ, ಹಿಮ್ಮಡಿ ಪೃಷ್ಠದಡಿ ಬರುವಂತೆ ನೇರವಾಗಿ ಕೂರುತ್ತದೆ. ಮೊಣಕಾಲಿನೊಳಗೆ ನೀರು ತುಂಬಿದ ನಾಯಿಗೆ ಪೂರ್ತಿ ಮಡಚಲಾಗದು. ಅದು ಆ ಕಾಲನ್ನು ಪಕ್ಕಕ್ಕೆ ಚಾಚಿ, ವಾಲಿಕೊಂಡು ಕೂರುತ್ತದೆ. ನಡೆಯುವಾಗ ‘ಟಕ್’ ಎಂಬ ಸಣ್ಣ ಸದ್ದು ಮೊಣಕಾಲಿನಿಂದ ಕೇಳಿಬರುತ್ತಿದ್ದರೆ ಮೆನಿಸ್ಕಸ್ ಮಡಚಿ ಸಿಕ್ಕಿಕೊಳ್ಳುತ್ತಿರುವ ಸಾಧ್ಯತೆಯಿದೆ. ಆದರೆ ಸದ್ದಿಲ್ಲವೆಂದ ಮಾತ್ರಕ್ಕೆ ಮೆನಿಸ್ಕಸ್ ಸರಿಯಿದೆ ಎಂದಲ್ಲ.

ಪಾದದಿಂದ ಮೇಲಕ್ಕೆ

ಮೊಣಕಾಲಿನ ಮೇಲೆ ಎಷ್ಟೇ ಅನುಮಾನವಿದ್ದರೂ ಪರೀಕ್ಷೆ ಪಾದದಿಂದಲೇ ಆರಂಭವಾಗಬೇಕು. ಬಳ್ಳಾರಿ ಜಾಲಿಯ ಮುಳ್ಳು ಅಂಗಾಲಿನ ಮೆತ್ತೆಯೊಳಗೆ ಮುರಿದು ಕುಳಿತರೆ ಮೇಲೆ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ತೊಗರಿ ಕೊಯ್ದ ಹೊಲದಲ್ಲಿ ಉಳಿಯುವ ಕೂಳೆ ಈಟಿಯ ಮೊನೆಯಷ್ಟೇ ಚೂಪು. ಬೆರಳುಗಳ ನಡುವೆ ಅದು ತೂರಿದ ಗಾಯವನ್ನು ಕೂದಲು ಮುಚ್ಚಿಬಿಟ್ಟಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಡಾಂಬರು ರಸ್ತೆಯಲ್ಲಿ ಮಧ್ಯಾಹ್ನ ನಡೆಸಿದ ನಾಯಿಯ ಅಂಗಾಲು ಸುಟ್ಟು ಸುಲಿದಿರುವುದೂ ಉಂಟು. ಆದರೆ ಆಗ ನೋವು ಸಾಮಾನ್ಯವಾಗಿ ಒಂದೇ ಕಾಲಿಗೆ ಸೀಮಿತವಾಗಿರುವುದಿಲ್ಲ. ಬೆರಳುಗಳನ್ನು ಬಿಡಿಸಿ, ಪ್ರತಿ ಉಗುರನ್ನು ಬುಡದಲ್ಲಿ ಒತ್ತಿ, ಮೆತ್ತೆಗಳನ್ನು ಒಂದೊಂದಾಗಿ ತೊಳೆದು ನೋಡಿದ ಮೇಲೆಯೇ ಮೇಲೇರಬೇಕು.

ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಹರಿದಿದ್ದರೆ ನಾಯಿ ಹಿಮ್ಮಡಿಯನ್ನು ನೆಲಕ್ಕೆ ಇಳಿಸಿ ನಡೆಯುತ್ತದೆ. ನೋಡಿದೊಡನೆ ತಿಳಿಯುವ ಲಕ್ಷಣವಿದು. ಸೊಂಟದ ಸಂಧಿಯ ತೊಂದರೆಯಿದ್ದರೆ ತೊಡೆಯನ್ನು ಹಿಂದಕ್ಕೆ ಚಾಚಿದಾಗ ನಾಯಿ ಕಿರುಚುತ್ತದೆ. ಆದರೆ ತೊಡೆಯನ್ನು ಹಿಂದಕ್ಕೆ ಚಾಚುವಾಗ ಮೊಣಕಾಲೂ ಚಾಚುತ್ತದೆ ಎಂಬುದನ್ನು ಮರೆತು ಎಷ್ಟೋ ಮೊಣಕಾಲಿನ ದೋಷಗಳಿಗೆ ಸೊಂಟದ ಹೆಸರು ಅಂಟುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಎರಡೂ ಒಟ್ಟಿಗೆ ಇರುವುದು ಸಾಮಾನ್ಯ. ಸೊಂಟದ ಎಕ್ಸ್‌ರೇ ಕೆಟ್ಟದಾಗಿದ್ದರೂ ಇಂದಿನ ಕುಂಟಿಗೆ ಕಾರಣ ಮೊಣಕಾಲೇ ಆಗಿರಬಹುದು. ವರ್ಷಗಳಿಂದ ಸೊಂಟ ಸವೆದಿರುವ ನಾಯಿ ನಿನ್ನೆ ಸಂಜೆ ಇದ್ದಕ್ಕಿದ್ದಂತೆ ಕಾಲೆತ್ತಿತೆಂದರೆ ಸೊಂಟವನ್ನು ದೂರುವುದು ಸರಿಯಲ್ಲ.

ಪೊಮೆರೇನಿಯನ್‌ನಂತಹ ಚಿಕ್ಕ ತಳಿಗಳಲ್ಲಿ ಮೊಣಕಾಲಿನ ಚಿಪ್ಪು ತಾನು ಕೂರುವ ತೋಡಿನಿಂದ ಒಳಪಕ್ಕಕ್ಕೆ ಜಾರುವ ದೋಷ ಹೆಚ್ಚು. ಅದರ ನಡಿಗೆಯೇ ಬೇರೆ: ನಾಲ್ಕು ಹೆಜ್ಜೆ ಸರಿಯಾಗಿ ನಡೆದು, ಎರಡು ಹೆಜ್ಜೆ ಕಾಲೆತ್ತಿ ಕುಪ್ಪಳಿಸಿ, ಕಾಲನ್ನೊಮ್ಮೆ ಹಿಂದಕ್ಕೆ ಒದರಿ ಮತ್ತೆ ಸರಿಯಾಗಿ ನಡೆಯುತ್ತದೆ. ಬಹುಕಾಲ ಚಿಪ್ಪು ಜಾರುತ್ತಿದ್ದ ಮೊಣಕಾಲಿನಲ್ಲಿ ಲಿಗಮೆಂಟೂ ಸವೆದು ಹರಿಯಬಹುದು. ವರ್ಷಗಟ್ಟಲೆ ಕುಪ್ಪಳಿಸುತ್ತಿದ್ದ ನಾಯಿ ಒಂದು ದಿನ ಕಾಲೂರುವುದನ್ನೇ ಬಿಟ್ಟರೆ ಅದನ್ನು ಹಳೆಯ ತೊಂದರೆಯೆಂದು ಬಿಡಬಾರದು.

ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದರೆ, ಜ್ವರವಿದ್ದರೆ, ನಾಯಿ ಊಟ ಬಿಟ್ಟಿದ್ದರೆ ಲಿಗಮೆಂಟಿನ ವಿಚಾರವನ್ನು ಬದಿಗಿಟ್ಟು ಉಣ್ಣೆಜ್ವರದ ಕಡೆ ನೋಡಬೇಕು. ನಮ್ಮ ಬಿಸಿಲು ನಾಡಿನಲ್ಲಿ ಉಣ್ಣೆಗಳಿಗೆ ಬರವಿಲ್ಲ. ಅವು ಹರಡುವ ಎರ್ಲಿಕಿಯಾ ಸೋಂಕು ಸಂಧಿಗಳಲ್ಲಿ ಉರಿಯೂತ ತರಬಲ್ಲದು, ರಕ್ತದ ಪ್ಲೇಟ್‌ಲೆಟ್‌ಗಳನ್ನು ಇಳಿಸಬಲ್ಲದು. ಎಳೆಯ ಜರ್ಮನ್ ಶೆಫರ್ಡ್‌ಗಳಲ್ಲಿ ಕಾಲು ಬದಲಿಸುವ ಕುಂಟಿಗೆ ಬೆಳೆಯುವ ಎಲುಬಿನ ಉರಿಯೂತವೂ ಕಾರಣವಿರುತ್ತದೆ. ಇನ್ನು ವಯಸ್ಸಾದ ದೊಡ್ಡ ತಳಿಯಲ್ಲಿ ಮೊಣಕಾಲಿನ ಮೇಲೆ ಅಥವಾ ಕೆಳಗೆ ಎಲುಬೇ ಗಟ್ಟಿಯಾಗಿ ಊದಿದ್ದರೆ, ಒತ್ತಿದರೆ ವಿಪರೀತ ನೋವಿದ್ದರೆ, ಎಲುಬಿನ ಕ್ಯಾನ್ಸರನ್ನು ತಳ್ಳಿಹಾಕುವವರೆಗೆ ಬೇರೇನನ್ನೂ ಮಾಡಬಾರದು.

ಮೊಣಕಾಲಿನ ಪರೀಕ್ಷೆ

ನಾಯಿ ನಾಲ್ಕು ಕಾಲ ಮೇಲೆ ನಿಂತಿರುವಾಗ ಅದರ ಹಿಂದೆ ಕೂತು ಎರಡೂ ಮೊಣಕಾಲುಗಳನ್ನು ಎರಡೂ ಕೈಗಳಿಂದ ಏಕಕಾಲಕ್ಕೆ ಮುಟ್ಟಬೇಕು. ಚಿಪ್ಪಿನಿಂದ ಕೆಳಗಿಳಿದು ಕಣಕಾಲಿನ ಮುಂದಿನ ಉಬ್ಬಿಗೆ ಅಂಟುವ ಪಟ್ಟಿಯೊಂದಿದೆ. ಆರೋಗ್ಯವಾದ ಮೊಣಕಾಲಿನಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆ ಪಟ್ಟಿಯ ಎರಡೂ ಅಂಚುಗಳು ಬಿಗಿದ ತಂತಿಯಂತೆ ಸ್ಪಷ್ಟವಾಗಿ ಸಿಗುತ್ತವೆ. ಸಂಧಿಯೊಳಗೆ ನೀರು ತುಂಬಿದಾಗ ಅಂಚುಗಳು ಮಾಯವಾಗಿ, ಪಟ್ಟಿ ಮೆತ್ತನೆಯ ಹಾಸಿಗೆಯಲ್ಲಿ ಹೂತಂತೆ ಭಾಸವಾಗುತ್ತದೆ. ಎರಡು ಕಾಲುಗಳ ನಡುವಿನ ಈ ವ್ಯತ್ಯಾಸ ಒಮ್ಮೆ ಬೆರಳಿಗೆ ಪರಿಚಯವಾದರೆ ಮತ್ತೆ ತಪ್ಪುವುದಿಲ್ಲ. ಅರೆ ಹರಿದ ಲಿಗಮೆಂಟಿನಲ್ಲಿ ಬೇರೆ ಎಲ್ಲ ಪರೀಕ್ಷೆಗಳೂ ಸರಿಯೆಂದು ಹೇಳುವಾಗ ಬಹಳ ಸಲ ಸತ್ಯ ಹೇಳುವುದು ಇದೊಂದೇ.

ಮೊಣಕಾಲಿನ ಒಳಮಗ್ಗುಲಲ್ಲಿ, ಕಣಕಾಲೆಲುಬಿನ ತಲೆಯ ಬಳಿ, ಗಟ್ಟಿಯಾದ ದಪ್ಪನೆಯ ಅಂಗಾಂಶ ಸಿಕ್ಕರೆ ದೋಷ ವಾರಗಳಷ್ಟು ಅಥವಾ ತಿಂಗಳುಗಳಷ್ಟು ಹಳೆಯದು. ಅಲುಗಾಡುವ ಸಂಧಿಯನ್ನು ದೇಹ ತಾನೇ ಬಿಗಿಯಲು ಮಾಡಿದ ಪ್ರಯತ್ನವದು. ತೊಡೆಯ ಸುತ್ತಳತೆಯನ್ನು ಬಟ್ಟೆಯ ಟೇಪಿನಿಂದ ಎರಡೂ ಕಡೆ ಒಂದೇ ಮಟ್ಟದಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು; ಚಿಕಿತ್ಸೆ ಫಲಿಸುತ್ತಿದೆಯೋ ಇಲ್ಲವೋ ಎಂಬುದಕ್ಕೆ ಮುಂದೆ ಇದಕ್ಕಿಂತ ಅಗ್ಗದ ಅಳತೆ ಸಿಗದು.

ಇಲ್ಲಿಂದ ಮುಂದಿನದು ವೈದ್ಯರ ಕೆಲಸ. ಡ್ರಾಯರ್ ಪರೀಕ್ಷೆಯಲ್ಲಿ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಒಂದು ಕೈಯ ತೋರುಬೆರಳನ್ನು ಚಿಪ್ಪಿನ ಮೇಲೆ, ಹೆಬ್ಬೆರಳನ್ನು ತೊಡೆಯೆಲುಬಿನ ಹಿಂದಿನ ಸಣ್ಣ ಗುಂಡೆಲುಬಿನ ಹಿಂದೆ ಇಡಬೇಕು. ಇನ್ನೊಂದು ಕೈಯ ತೋರುಬೆರಳು ಕಣಕಾಲಿನ ಮುಂದಿನ ಉಬ್ಬಿನ ಮೇಲೆ, ಹೆಬ್ಬೆರಳು ಹೊರಗಿನ ಕಿರಿಯೆಲುಬಿನ ತಲೆಯ ಹಿಂದೆ. ಬೆರಳುಗಳು ಎಲುಬಿನ ಮೇಲಿರಬೇಕೇ ಹೊರತು ಮಾಂಸದ ಮೇಲಲ್ಲ. ತೊಡೆಯೆಲುಬನ್ನು ಅಲುಗದಂತೆ ಹಿಡಿದು ಕಣಕಾಲೆಲುಬನ್ನು ನೇರ ಮುಂದಕ್ಕೆ ತಳ್ಳಿದಾಗ ಅದು ಮೇಜಿನ ಡ್ರಾಯರಿನಂತೆ ಜಾರಿದರೆ ಲಿಗಮೆಂಟ್ ಹರಿದಿದೆ. ಈ ಪರೀಕ್ಷೆಯನ್ನು ಕಾಲು ಚಾಚಿದಾಗಲೂ ಮಡಚಿದಾಗಲೂ ಮಾಡಬೇಕು. ಲಿಗಮೆಂಟಿಗೆ ಎರಡು ಪಟ್ಟಿಗಳಿವೆ. ಮುಂದಿನ ಒಳಪಟ್ಟಿ ಎರಡೂ ಸ್ಥಿತಿಗಳಲ್ಲಿ ಬಿಗಿಯಾಗಿರುತ್ತದೆ, ಹಿಂದಿನ ಹೊರಪಟ್ಟಿ ಚಾಚಿದಾಗ ಮಾತ್ರ. ಮುಂದಿನದೊಂದೇ ಹರಿದಿದ್ದರೆ ಚಾಚಿದ ಕಾಲು ಗಟ್ಟಿಯಾಗಿದ್ದು, ಮಡಚಿದ ಕಾಲು ಮಾತ್ರ ಜಾರುತ್ತದೆ. ಮರಿಗಳಲ್ಲಿ ಸ್ವಲ್ಪ ಸಡಿಲ ಸಹಜ. ಆದರೆ ಅಲ್ಲಿ ಜಾರುವಿಕೆ ಕೊನೆಯಲ್ಲಿ ಟಕ್ಕನೆ ನಿಲ್ಲುತ್ತದೆ, ಹರಿದ ಲಿಗಮೆಂಟಿನಲ್ಲಿ ಮೆತ್ತಗೆ ಕೊನೆಗೊಳ್ಳುತ್ತದೆ.

ಎಚ್ಚರವಿರುವ, ಹೆದರಿದ ಐವತ್ತು ಕಿಲೋ ರಾಟ್‌ವೀಲರ್‌ನಲ್ಲಿ ಸ್ನಾಯುಗಳೇ ಸಂಧಿಯನ್ನು ಬಿಗಿಹಿಡಿದಿರುತ್ತವೆ, ಏನೂ ಜಾರುವುದಿಲ್ಲ. ಅಂಥ ನಾಯಿಯಲ್ಲಿ ಡ್ರಾಯರ್ ಇಲ್ಲವೆಂದು ಬರೆದು ಕಳುಹಿಸುವುದು ಪರೀಕ್ಷೆಯೇ ಅಲ್ಲ. ಮಂಪರು ಕೊಟ್ಟು ಮತ್ತೆ ನೋಡಬೇಕು. ಹಳೆಯ ದೋಷದಲ್ಲಿ ಗಟ್ಟಿಗೊಂಡ ಅಂಗಾಂಶವೂ ಜಾರುವಿಕೆಯನ್ನು ಮರೆಮಾಚುತ್ತದೆ. ಮೊಣಕಾಲನ್ನು ನಿಂತ ಕೋನದಲ್ಲಿ ಹಿಡಿದು ಪಾದವನ್ನು ಮೇಲಕ್ಕೆ ಮಡಚಿದಾಗ ಕಣಕಾಲಿನ ಉಬ್ಬು ಬೆರಳಿನಡಿ ಮುಂದಕ್ಕೆ ನುಗ್ಗುತ್ತದೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆ ದೊಡ್ಡ ನಾಯಿಗಳಲ್ಲಿ ಹೆಚ್ಚು ಅನುಕೂಲ. ಕಾಲು ಅಕ್ಕಪಕ್ಕಕ್ಕೂ ಬಾಗುತ್ತಿದ್ದರೆ, ಅದರಲ್ಲಿಯೂ ವಾಹನ ಬಡಿದ ನಾಯಿಯಲ್ಲಿ, ಪಕ್ಕದ ಲಿಗಮೆಂಟುಗಳೂ ಹರಿದಿವೆ. ಅದು ಬೇರೆಯೇ ಮಟ್ಟದ ಗಾಯ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಎಕ್ಸ್‌ರೇ ಮತ್ತು ರಕ್ತ

ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ‘ಎಕ್ಸ್‌ರೇ ನಾರ್ಮಲ್ ಇದೆ, ಏನೂ ಹರಿದಿಲ್ಲ’ ಎಂಬ ಮಾತಿಗೆ ಅರ್ಥವಿಲ್ಲ. ಅಲ್ಲಿ ಹುಡುಕಬೇಕಾದದ್ದು ಪರೋಕ್ಷ ಗುರುತುಗಳನ್ನು: ಚಿಪ್ಪಿನ ಕೆಳಗಿನ ಕೊಬ್ಬಿನ ಕಪ್ಪು ತ್ರಿಕೋನವನ್ನು ಸಂಧಿಯ ನೀರು ಮುಂದಕ್ಕೆ ತಳ್ಳಿ ಚಿಕ್ಕದಾಗಿಸಿರುವುದು, ಚಿಪ್ಪಿನ ಕೆಳತುದಿಯಲ್ಲಿಯೂ ತೊಡೆಯೆಲುಬಿನ ಏಣುಗಳ ಮೇಲೂ ಎಲುಬಿನ ಸಣ್ಣ ಮೊಳಕೆಗಳು ಎದ್ದಿರುವುದು. ಮುಂದಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ಕಡ್ಡಾಯ. ಎಲುಬು ಕತ್ತರಿಸುವ ಶಸ್ತ್ರಚಿಕಿತ್ಸೆಯ ಯೋಚನೆಯಿದ್ದರೆ ಪಕ್ಕದ ಚಿತ್ರವನ್ನು ಮೊಣಕಾಲು, ಹಿಮ್ಮಡಿ ಎರಡೂ 90 ಡಿಗ್ರಿ ಮಡಚಿ, ಎರಡೂ ಸಂಧಿಗಳು ಒಂದೇ ಚಿತ್ರದಲ್ಲಿ ಬರುವಂತೆ ತೆಗೆಸಬೇಕು. ಇಳಿಜಾರಿನ ಕೋನ ಅಳೆಯಲು ಅದೇ ಬೇಕು. ಆರೋಗ್ಯವಾಗಿ ಕಾಣುವ ಇನ್ನೊಂದು ಮೊಣಕಾಲಿನ ಚಿತ್ರವನ್ನೂ ಅದೇ ಮಂಪರಿನಲ್ಲಿ ತೆಗೆಸಿಬಿಡುವುದು ಜಾಣತನ. ಅಲ್ಲಿ ಈಗಲೇ ನೀರು, ಮೊಳಕೆ ಕಂಡರೆ ಮುಂದಿನ ವರ್ಷದ ಖರ್ಚಿನ ಸೂಚನೆ ಸಿಕ್ಕಂತೆ.

ರಕ್ತಪರೀಕ್ಷೆಯನ್ನು ನಮ್ಮ ಭಾಗದಲ್ಲಿ ಬಿಡಲೇಬಾರದು. ಪ್ಲೇಟ್‌ಲೆಟ್ ಇಳಿದಿರುವ ನಾಯಿಯನ್ನು ಶಸ್ತ್ರಚಿಕಿತ್ಸೆಗೆ ಮಲಗಿಸಿದರೆ ರಕ್ತ ನಿಲ್ಲದೆ ಒದ್ದಾಡಬೇಕಾಗುತ್ತದೆ. ಮೂತ್ರಪಿಂಡದ ಸ್ಥಿತಿ ತಿಳಿಯದೆ ವಾರಗಟ್ಟಲೆ ನೋವಿನ ಔಷಧ ಕೊಡುವುದೂ ಅಪಾಯ.

ತೀರ್ಮಾನವಾಗುವವರೆಗೆ ಏನು ಕೊಡಬಾರದು

ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಅವೆರಡರ ಪ್ಯಾರಾಸಿಟಮಾಲ್ ಬೆರೆತ ಗುಳಿಗೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ತಂದು, ಮೂತ್ರಪಿಂಡ ಕೆಡಿಸಿ, ಕೊಲ್ಲಬಲ್ಲವು. ಕಪ್ಪು ಟಾರಿನಂಥ ಮಲ, ವಾಂತಿ ಕಂಡರೆ ಆಗಲೇ ತಡವಾಗಿರುತ್ತದೆ. ನಾಯಿಗೆ ಸಲ್ಲುವ ಮೆಲಾಕ್ಸಿಕಾಮ್‌ನ ಪ್ರಮಾಣ ಮೊದಲ ದಿನ ಕಿಲೋಗೆ 0.2 ಮಿ.ಗ್ರಾಂ., ಆಮೇಲೆ ದಿನಕ್ಕೊಮ್ಮೆ 0.1 ಮಿ.ಗ್ರಾಂ.; ಅದನ್ನೂ ತೂಕ ನೋಡಿ, ಊಟದ ಜೊತೆ, ವೈದ್ಯರು ಬರೆದಷ್ಟು ದಿನ ಮಾತ್ರ ಕೊಡಬೇಕು. ಇದರ ಜೊತೆಗೆ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಸೇರಬಾರದು. ‘ಎರಡೂ ಸೇರಿಸಿ ಹಾಕಿದರೆ ಬೇಗ ಇಳಿಯುತ್ತದೆ’ ಎಂದು ಒಂದೇ ಸಿರಿಂಜಿನಲ್ಲಿ ಎರಡನ್ನೂ ಎಳೆಯುವ ಅಭ್ಯಾಸವನ್ನು ನಾನು ಬಲ್ಲೆ. ಹುಣ್ಣು ಒಡೆದು ಸತ್ತ ನಾಯಿಯ ಲೆಕ್ಕ ಮೊಣಕಾಲಿನ ಖಾತೆಗೆ ಬರುವುದಿಲ್ಲ, ಅಷ್ಟೆ.

ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಅಥವಾ ಬಿದಿರಿನ ದಬ್ಬೆ ಕಟ್ಟುವುದರಿಂದ ಮೊಣಕಾಲು ನಿಶ್ಚಲವಾಗದು. ಅದು ಜಾರಿ, ಕಾಲಿಗೆ ನೇತುಬಿದ್ದ ಭಾರವಾಗಿ ತೊಂದರೆಯನ್ನು ಹೆಚ್ಚಿಸುತ್ತದೆ. ಬರೆ ಹಾಕಿಸುವುದರಿಂದ ನಾಯಿಗೆ ಸಿಗುವುದು ಎರಡನೆಯ ನೋವು.

ಚಿಕಿತ್ಸೆಯ ಆಯ್ಕೆ

ಮೊದಲ ಪ್ರಶ್ನೆ ನಾಯಿಯ ತೂಕ. 1984ರಲ್ಲಿ ಪ್ರಕಟವಾದ ವ್ಯಾಸರ್ ಅವರ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆ ಬಿಟ್ಟ 15 ಕಿಲೋಗಿಂತ ಕಡಿಮೆ ತೂಕದ ನಾಯಿಗಳಲ್ಲಿ ಶೇ. 85ರಷ್ಟು ಸರಿಹೋದವು ಅಥವಾ ಸುಧಾರಿಸಿದವು. ಅದಕ್ಕಿಂತ ಭಾರದವುಗಳಲ್ಲಿ ಹಾಗಾದದ್ದು ಶೇ. 19ರಷ್ಟು ಮಾತ್ರ. ಈ ಎರಡು ಅಂಕಿಗಳ ಅಂತರವೇ ಇಂದಿಗೂ ಹೆಚ್ಚಿನ ವೈದ್ಯರ ಸಲಹೆಯ ಬುನಾದಿ. ಎಂಟು ಕಿಲೋ ಪೊಮೆರೇನಿಯನ್‌ಗೆ ಆರರಿಂದ ಎಂಟು ವಾರಗಳ ಕಟ್ಟುನಿಟ್ಟಾದ ವಿಶ್ರಾಂತಿ ಕೊಟ್ಟು ಕಾದು ನೋಡುವುದು ನ್ಯಾಯವಾದ ಆಯ್ಕೆ. ವಿಶ್ರಾಂತಿಯೆಂದರೆ ಅಂಗಳದಲ್ಲಿ ಸರಪಳಿ ಹಾಕಿ ಬಿಡುವುದಲ್ಲ, ಏಕೆಂದರೆ ಗೇಟಿನಾಚೆ ಬೀದಿನಾಯಿ ಸುಳಿದಾಗಲೆಲ್ಲ ಅದು ಸರಪಳಿಯ ತುದಿಯವರೆಗೆ ನೆಗೆಯುತ್ತದೆ. ಒಂದು ಚಿಕ್ಕ ಕೋಣೆ, ಪರಸಿಯ ಮೇಲೆ ಜಾರದ ಗೋಣಿ ಅಥವಾ ರಬ್ಬರ್ ಹಾಸು, ಬೇಸಿಗೆಯಾದರೆ ಕೂಲರ್, ಮಲಮೂತ್ರಕ್ಕೆ ಮಾತ್ರ ಗಿಡ್ಡ ಹಗ್ಗದಲ್ಲಿ ಹೊರಗೆ. ಸೋಫಾ, ಮೆಟ್ಟಿಲು, ಚಾವಣಿ ಇಲ್ಲ.

ಭಾರದ ನಾಯಿಗೆ ಶಸ್ತ್ರಚಿಕಿತ್ಸೆ ಮೇಲೆಂದರೂ ಅದು ಸಾಧ್ಯವಿಲ್ಲದ ಮನೆಯವರು ಕೈಚೆಲ್ಲಬೇಕಿಲ್ಲ. 2013ರಲ್ಲಿ ಪ್ರಕಟವಾದ, ತೂಕ ಹೆಚ್ಚಿದ ನಾಯಿಗಳ ಅಧ್ಯಯನವೊಂದರಲ್ಲಿ ತೂಕ ಇಳಿಕೆ, ಔಷಧ, ವ್ಯಾಯಾಮಗಳನ್ನು ಶಿಸ್ತಿನಿಂದ ಪಾಲಿಸಿದಾಗ ಒಂದು ವರ್ಷದ ನಂತರ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ಶೇ. 75, ಆಗದವುಗಳಲ್ಲಿ ಶೇ. 64ರಷ್ಟು ಒಳ್ಳೆಯ ಫಲ ಪಡೆದವು. ಆದರೆ ‘ಶಿಸ್ತಿನಿಂದ’ ಎಂಬುದರ ಮೇಲೆ ಎಲ್ಲ ನಿಂತಿದೆ. ದೇಹತೂಕದ ಶೇ. 6ರಷ್ಟು ಇಳಿದರೂ ಸಂಧಿವಾತದ ಕುಂಟು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ನಲವತ್ತು ಕಿಲೋ ಲ್ಯಾಬ್ರಡಾರ್‌ಗೆ ಅದು ಎರಡೂವರೆ ಕಿಲೋ ಕೂಡ ಅಲ್ಲ. ಮನೆಯ ಪ್ರತಿಯೊಬ್ಬರೂ ತಮ್ಮ ತಟ್ಟೆಯಿಂದ ತುಪ್ಪ ಸವರಿದ ಅರ್ಧ ರೊಟ್ಟಿ ಎಸೆಯುವುದನ್ನು ನಿಲ್ಲಿಸಿದರೆ ಆ ಗುರಿಯ ಬಹುಪಾಲು ಮುಟ್ಟಬಹುದು. ಪಕ್ಕೆಲುಬುಗಳು ಒತ್ತದೆಯೇ ಬೆರಳಿಗೆ ಸಿಗುವುದು ಸರಿಯಾದ ತೂಕದ ಗುರುತು.

ಶಸ್ತ್ರಚಿಕಿತ್ಸೆಗಳಲ್ಲಿ ಎರಡು ಮಾರ್ಗಗಳಿವೆ. ಒಂದು, ಹರಿದ ಹಗ್ಗದ ಬದಲು ಇನ್ನೊಂದು ಹಗ್ಗ ಕಟ್ಟುವುದು. ಇನ್ನೊಂದು, ಇಳಿಜಾರನ್ನೇ ತೆಗೆದುಹಾಕಿ ಹಗ್ಗದ ಅಗತ್ಯವಿಲ್ಲದಂತೆ ಮಾಡುವುದು.

ಹಗ್ಗ ಕಟ್ಟುವ ವಿಧಾನವೇ ಸಂಧಿಯ ಹೊರಗಿನ ಹೊಲಿಗೆ. ಗಟ್ಟಿ ನೈಲಾನ್ ಎಳೆಯನ್ನು ತೊಡೆಯೆಲುಬಿನ ಹಿಂದಿನ ಗುಂಡೆಲುಬಿಗೆ ಸುತ್ತಿ, ಕಣಕಾಲಿನ ಉಬ್ಬಿನಲ್ಲಿ ಕೊರೆದ ರಂಧ್ರದಿಂದ ತೂರಿಸಿ ಬಿಗಿಯುತ್ತಾರೆ. ಈ ಎಳೆ ಶಾಶ್ವತವಲ್ಲ. ಕಾಲಕ್ರಮದಲ್ಲಿ ಅದು ಸಡಿಲಾಗುತ್ತದೆ ಅಥವಾ ತುಂಡಾಗುತ್ತದೆ. ಆ ಹೊತ್ತಿಗೆ ಸಂಧಿಯ ಸುತ್ತ ಬೆಳೆದ ಗಟ್ಟಿ ಅಂಗಾಂಶ ಅದರ ಕೆಲಸವನ್ನು ವಹಿಸಿಕೊಂಡಿರಬೇಕು ಎಂಬುದೇ ಲೆಕ್ಕಾಚಾರ. ವಿಶೇಷ ಉಪಕರಣ ಬೇಡ, ಖರ್ಚು ಕಡಿಮೆ, ಎಲುಬು ಕೂಡಬೇಕಾದ ಚಿಂತೆಯಿಲ್ಲ. ಚಿಕ್ಕ ಮತ್ತು ಮಧ್ಯಮ ಗಾತ್ರದ ನಾಯಿಗಳಿಗೆ, ಶಾಂತ ಸ್ವಭಾವದ ಮುದಿ ನಾಯಿಗಳಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ನಲವತ್ತು ಕಿಲೋ ಹುಮ್ಮಸ್ಸಿನ ನಾಯಿಯಲ್ಲಿ ಅಂಗಾಂಶ ಬೆಳೆಯುವ ಮೊದಲೇ ಎಳೆ ಸೋಲುವ ಭಯವಿದೆ.

ಇಳಿಜಾರು ತೆಗೆಯುವ ವಿಧಾನಗಳಲ್ಲಿ ಹೆಸರಾದದ್ದು ಟಿಪಿಎಲ್ಒ. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಕಣಕಾಲೆಲುಬಿನ ತಲೆಯನ್ನು ಬಾಗಿದ ಗರಗಸದಿಂದ ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಇಳಿಜಾರು ಸುಮಾರು 5 ಡಿಗ್ರಿಗೆ ಇಳಿಯುವಂತೆ ತಿರುಗಿಸಿ, ಪ್ಲೇಟ್ ಮತ್ತು ಸ್ಕ್ರೂಗಳಿಂದ ಕೂಡಿಸುತ್ತಾರೆ. ದೊಡ್ಡ, ಚುರುಕಾದ ನಾಯಿಗಳಲ್ಲಿ ಸಹಜ ನಡಿಗೆಗೆ ಹತ್ತಿರ ತರುವುದರಲ್ಲಿ ಸದ್ಯಕ್ಕೆ ಇದಕ್ಕೆ ಹೆಚ್ಚಿನ ಆಧಾರವಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ರೂಪುಗೊಂಡ ಟಿಟಿಎಯಲ್ಲಿ ಕಣಕಾಲಿನ ಮುಂದಿನ ಉಬ್ಬನ್ನು ಕತ್ತರಿಸಿ ಮುಂದಕ್ಕೆ ಸರಿಸಿ, ಚಿಪ್ಪಿನ ಪಟ್ಟಿಯ ಎಳೆತದ ದಿಕ್ಕನ್ನು ಬದಲಾಯಿಸುತ್ತಾರೆ. ಇಳಿಜಾರು ತೀರ ಕಡಿದಾಗಿರುವ ನಾಯಿಗಳಿಗೆ ಅದು ಹೊಂದುವುದಿಲ್ಲ. ಎರಡಕ್ಕೂ ವಿಶೇಷ ಪ್ಲೇಟುಗಳು, ಉಪಕರಣಗಳು, ಪಳಗಿದ ಕೈ ಬೇಕು. ಸೋಂಕು, ಸ್ಕ್ರೂ ಸಡಿಲಾಗುವುದು, ಎಲುಬು ಬಿರಿಯುವುದು ಇವೆಲ್ಲ ಅಪರೂಪವಲ್ಲದ ತೊಡಕುಗಳು. ಕಡಿಮೆ ಬೆಲೆಗೆ ಮೊದಲ ಟಿಪಿಎಲ್ಒ ಮಾಡುವವರಿಗಿಂತ, ನೂರಾರು ಹೊರಹೊಲಿಗೆ ಹಾಕಿದ ಕೈ ಉತ್ತಮ ಎಂಬುದು ನನ್ನ ಅಭಿಪ್ರಾಯ.

ವಿಧಾನ ಯಾವುದೇ ಇರಲಿ, ಸಂಧಿಯನ್ನು ತೆರೆದು ಅಥವಾ ಆರ್ತ್ರೋಸ್ಕೋಪಿನಿಂದ (ಸಣ್ಣ ರಂಧ್ರದ ಮೂಲಕ ಸಂಧಿಯೊಳಗೆ ತೂರಿಸಿ ನೋಡುವ ಕ್ಯಾಮೆರಾದಿಂದ) ಮೆನಿಸ್ಕಸನ್ನು ನೋಡುತ್ತೀರಾ ಎಂದು ಕೇಳಲೇಬೇಕು. ಒಳಮಗ್ಗುಲ ಮೆನಿಸ್ಕಸ್ ಕಣಕಾಲೆಲುಬಿಗೆ ಬಿಗಿಯಾಗಿ ಅಂಟಿರುವುದರಿಂದ, ಕಣಕಾಲು ಮುಂದೆ ನುಗ್ಗಿದಾಗಲೆಲ್ಲ ಅದರ ಹಿಂತುದಿ ತೊಡೆಯೆಲುಬಿನಡಿ ಸಿಕ್ಕಿ ಜಜ್ಜುತ್ತದೆ. ಹರಿದ ತುಣುಕನ್ನು ಒಳಗೇ ಬಿಟ್ಟರೆ ಎಷ್ಟು ಚಂದದ ಪ್ಲೇಟ್ ಹಾಕಿದರೂ ಕುಂಟು ಹೋಗದು.

ಮೊಣಕಾಲಿನ ಬೆಲ್ಟುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಪೂರ್ತಿ ಹರಿದ ಲಿಗಮೆಂಟಿಗೆ ಅವು ಸಾಕೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ, ನಮ್ಮ ಸೆಖೆಯಲ್ಲಿ ಅವುಗಳಡಿ ಚರ್ಮ ಹುಣ್ಣಾಗುತ್ತದೆ.

ಎಲ್ಲಿಗೆ ಒಯ್ಯುವುದು ಎಂಬ ಪ್ರಶ್ನೆಗೆ: ಬೀದರ್‌ನ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅದರ ಪಶುವೈದ್ಯಕೀಯ ಕಾಲೇಜೂ ಇವೆ, ಮೂರೂ ಜಿಲ್ಲೆಗಳವರಿಗೆ ಹತ್ತಿರದ ಬೋಧನಾ ಆಸ್ಪತ್ರೆ ಅದೇ. ನೂರು ಕಿಲೋಮೀಟರಿನಾಚೆಯಿಂದ ನೋವಿನ ನಾಯಿಯನ್ನು ಗಾಡಿಯಲ್ಲಿ ಹೊತ್ತು ಬರುವ ಮೊದಲು, ಬೇಕಾದ ಶಸ್ತ್ರಚಿಕಿತ್ಸೆ ಆಗ ಲಭ್ಯವಿದೆಯೇ, ಯಾವ ದಿನ ಬರಬೇಕು ಎಂದು ವಿಚಾರಿಸಿಕೊಳ್ಳಬೇಕು. ಟಿಪಿಎಲ್ಒಗೆ ಹಲವರು ಹೈದರಾಬಾದಿನತ್ತ ನೋಡುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ಬಿಚ್ಚಲು, ಎಂಟನೆಯ ವಾರದ ಎಕ್ಸ್‌ರೇಗೆ ಮತ್ತೆ ಹೋಗಬೇಕಾಗುವುದನ್ನು ಲೆಕ್ಕ ಹಾಕಿಯೇ ಊರು ಆರಿಸಬೇಕು.

ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಕುಂಟಿದರೆ

ಮೊದಲ ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡುವುದು, ಗಾಯ ನೆಕ್ಕದಂತೆ ಕೊರಳಿಗೆ ಕೋನ್ ಹಾಕುವುದು, ನೈಲಾನ್ ಎಳೆಯಾದರೆ ಅಂಗಾಂಶ ಗಟ್ಟಿಯಾಗುವವರೆಗೆ, ಎಲುಬು ಕತ್ತರಿಸಿದ್ದರೆ ಎಕ್ಸ್‌ರೇಯಲ್ಲಿ ಕೂಡಿಕೆ ಕಾಣುವವರೆಗೆ ಹಗ್ಗದಲ್ಲಿಯೇ ನಡೆಸುವುದು, ನಡಿಗೆಯನ್ನು ಐದು ನಿಮಿಷದಿಂದ ಆರಂಭಿಸಿ ವಾರವಾರ ಹೆಚ್ಚಿಸುವುದು: ಇದರಲ್ಲಿ ಕಷ್ಟದ್ದು ನಾಲ್ಕನೆಯ ವಾರ. ಆಗ ನಾಯಿ ತಾನು ಗುಣವಾದೆನೆಂದುಕೊಳ್ಳುತ್ತದೆ, ಮನೆಯವರೂ ಹಾಗೆಯೇ ಅಂದುಕೊಳ್ಳುತ್ತಾರೆ, ಎಲುಬು ಮಾತ್ರ ಇನ್ನೂ ಕೂಡಿರುವುದಿಲ್ಲ.

ದಿನದಿಂದ ದಿನಕ್ಕೆ ಕಾಲೂರುವುದು ಹೆಚ್ಚಬೇಕು. ಅದು ಹಿಮ್ಮೆಟ್ಟಿದರೆ ಕಾರಣ ಹುಡುಕಬೇಕು, ನೋವಿನ ಔಷಧ ಏರಿಸಬಾರದು. ಮೊದಲ ವಾರಗಳಲ್ಲಿ ಗಾಯ ಬಿಸಿಯಾಗಿ, ಕೆಂಪಾಗಿ, ಸೋರುತ್ತಿದ್ದರೆ ಸೋಂಕು. ಚೆನ್ನಾಗಿ ಊರುತ್ತಿದ್ದ ಕಾಲನ್ನು ಒಂದು ನೆಗೆತದ ನಂತರ ಪೂರ್ತಿ ಎತ್ತಿದರೆ ನೈಲಾನ್ ಎಳೆ ತುಂಡಾಗಿರಬಹುದು, ಪ್ಲೇಟ್ ಅಥವಾ ಎಲುಬು ಬಿರಿದಿರಬಹುದು. ಅದೇ ದಿನ ಎಕ್ಸ್‌ರೇ ಬೇಕು. ತಿಂಗಳುಗಳ ನಂತರ, ಎಕ್ಸ್‌ರೇಯಲ್ಲಿ ಎಲ್ಲ ಸರಿಯಿದ್ದೂ ಇದ್ದಕ್ಕಿದ್ದಂತೆ ಕುಂಟಿದರೆ ಮೆನಿಸ್ಕಸ್ ತಡವಾಗಿ ಹರಿದಿರುವುದನ್ನು ಅನುಮಾನಿಸಬೇಕು. ವರ್ಷ ಕಳೆದ ಮೇಲೂ ಕಾಲು ಬಿಸಿಯಾಗಿ ನೋಯುತ್ತಿದ್ದರೆ ಪ್ಲೇಟಿನ ಮೇಲೆ ಕುಳಿತ ಸೋಂಕಿರಬಹುದು. ಎಲುಬು ಕೂಡಿದ್ದರೆ ಪ್ಲೇಟ್ ತೆಗೆಸುವುದೇ ಅದಕ್ಕೆ ಮದ್ದು. ಇವು ಯಾವುವೂ ಅಲ್ಲದಿದ್ದರೆ ಚಿತ್ರೀಕರಿಸಿದ ನಡಿಗೆಯನ್ನು ಮತ್ತೊಮ್ಮೆ ನಿಧಾನವಾಗಿ ನೋಡಿ, ನಾಯಿ ಈಗ ಕುಂಟುತ್ತಿರುವುದು ಯಾವ ಕಾಲಿನಲ್ಲಿ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು; ಎರಡನೆಯ ಮೊಣಕಾಲಾಗಿದ್ದರೆ ಪರೀಕ್ಷೆಯನ್ನು ಪಾದದಿಂದಲೇ ಆರಂಭಿಸಬೇಕು.